ಅಳಿಸಿದ ಮಾತಿಗೆ ಹೊಣೆ ಯಾರು?

ಧಾರಾವಾಹಿ ಮುಗಿದ ಮೇಲೆ ಪರದೆ ಮೇಲೆ ಹೆಸರುಗಳು ಓಡ್ತವಲ್ಲ, ಅವನ್ನ ನೀವು ಕೊನೆಯ ಸಲ ಓದಿದ್ದು ಯಾವಾಗ? ಟೀವಿಯಲ್ಲಾದರೆ ಅಷ್ಟು ಹೊತ್ತಿಗೆ ಜಾಹೀರಾತು ಬಂದಿರುತ್ತೆ. ಮೊಬೈಲಿನಲ್ಲಾದರೆ ಮುಂದಿನ ಎಪಿಸೋಡ್ ತಾನಾಗೇ ಶುರುವಾಗಿರುತ್ತೆ. ಕಲಾವಿದರ ಹೆಸರು ಗೊತ್ತು, ನಿರ್ದೇಶಕರ ಹೆಸರೂ ಒಮ್ಮೊಮ್ಮೆ ಗೊತ್ತು. ಆದರೆ ಊರಲ್ಲಿರುವ ಅಮ್ಮ ಫೋನಿನಲ್ಲಿ ನಿಮಗೆ ಹೇಳಿದ ಆ ಒಂದು ಮಾತು, ನಿನ್ನೆ ರಾತ್ರಿ ಧಾರಾವಾಹಿಯಿಂದ ಎತ್ತಿಕೊಂಡದ್ದು, ಅದನ್ನ ಬರೆದವರು ಯಾರು? ಬರೆದವರು ಬರೆದದ್ದು ಅದೇನಾ, ಅಥವಾ ಬೇರೇನೋ ಬರೆದು ಆಮೇಲೆ ಅದಾಯ್ತಾ?

ಈ ಪ್ರಶ್ನೆ ಸಣ್ಣದು ಅನ್ನಿಸಬಹುದು. ನನಗೆ ಹಾಗನ್ನಿಸಲ್ಲ. ಟೀವಿಗೆ ಬರೆಯುವವರ ಕಾಗದಪತ್ರಗಳನ್ನು, ಅಂದರೆ ಒನ್‌ಲೈನು, ಚಿತ್ರಕಥೆ, ತಿದ್ದಿದ ಸಂಭಾಷಣೆ, 'ಇದು ಬೇಡ' ಅಂತ ವಾಪಸ್ ಬಂದ ಹಾಳೆ, ಇವನ್ನೆಲ್ಲ ಇಟ್ಟುಕೊಳ್ಳಬೇಕಾ, ರದ್ದಿಗೆ ಹಾಕಬಹುದಾ? ಕಾದಂಬರಿಕಾರರ ಹಸ್ತಪ್ರತಿ ಅಂದರೆ ಕೈಮುಗಿಯುವ ನಾವು ಧಾರಾವಾಹಿಯ ಹಾಳೆ ಅಂದ ಕೂಡಲೇ ನಕ್ಕುಬಿಡ್ತೀವಿ. ಆ ನಗುವಿನ ಹಿಂದೆ ಒಂದು ನೈತಿಕ ತಪ್ಪು ಅಡಗಿದೆ ಅನ್ನೋದು ನನ್ನ ವಾದ.

ಒಬ್ಬ ಸಂಭಾಷಣೆಕಾರನನ್ನ ಊಹಿಸಿಕೊಳ್ಳಿ. ಊರು ಹೊಳಲ್ಕೆರೆ ಅಂತಿಟ್ಟುಕೊಳ್ಳೋಣ. ಕಾಲೇಜಿನಲ್ಲಿ ನಾಟಕ ಆಡಿದವನು, ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದವನು. ಯಾವುದೋ ಧಾರಾವಾಹಿಗೆ ಡೈಲಾಗ್ ಬರೆಯುವ ಕೆಲಸ ಸಿಕ್ತು. ವಾರಕ್ಕೆ 6 ಎಪಿಸೋಡ್. ಮೂರು ವರ್ಷ ಓಡಿದರೆ 900 ದಾಟುತ್ತೆ. ಎಪಿಸೋಡಿಗೆ 15 ಹಾಳೆ ಅಂದರೂ 13-14 ಸಾವಿರ ಹಾಳೆ. ಅಷ್ಟು ಬರೆದ ಕಾದಂಬರಿಕಾರ ಕನ್ನಡದಲ್ಲಿ ಎಷ್ಟು ಜನ ಸಿಗ್ತಾರೆ? ಆದರೂ ಅವನನ್ನ ಸಾಹಿತಿ ಅಂತ ಯಾರೂ ಕರೆಯಲ್ಲ. ಅವನೂ ಕರೆದುಕೊಳ್ಳಲ್ಲ. 'ಸೀರಿಯಲ್‌ಗೆ ಬರೀತೀನಿ ಸಾರ್' ಅಂತಾನೆ, ಸ್ವಲ್ಪ ತಗ್ಗಿದ ದನಿಯಲ್ಲಿ.

ಒಂದು ದಿನ ಅವನು ಒಂದು ಸೀನ್ ಬರೀತಾನೆ. ಸೊಸೆಯ ಒಡವೆಯನ್ನ ಮನೆಯವರು ಕೇಳದೆ ಅಡವಿಟ್ಟಿದ್ದಾರೆ. ಸೊಸೆ ಹೇಳಬೇಕು: 'ಅತ್ತೆ, ಇದು ನ್ಯಾಯ ಅಲ್ಲ. ನನ್ನನ್ನ ಒಂದು ಮಾತು ಕೇಳಬೇಕಿತ್ತು.' ಇಷ್ಟೇ. ಕೂಗಾಟ ಇಲ್ಲ, ಕಣ್ಣೀರು ಇಲ್ಲ. ಹಾಳೆ ಹೋಗುತ್ತೆ. ಗುರುವಾರ ಟಿಆರ್‌ಪಿ ಬರುತ್ತೆ, ಎರಡು ಅಂಕ ಇಳಿದಿದೆ. ಮೀಟಿಂಗ್ ಆಗುತ್ತೆ. 'ಸೊಸೆ ಎದುರು ಮಾತಾಡಿದರೆ ಸಿಂಪಥಿ ಹೋಗುತ್ತೆ' ಅಂತ ಯಾರೋ ಅಂತಾರೆ. ಹಾಳೆ ವಾಪಸ್ ಬರುತ್ತೆ. ಮಾರನೇ ದಿನ ಶೂಟಿಂಗ್‌ಗೆ ಹೋದ ಸಾಲು ಹೀಗಿರುತ್ತೆ: 'ನಿಮ್ಮ ಇಷ್ಟ ಅತ್ತೆ. ಈ ಮನೆಗಿಂತ ಒಡವೆ ದೊಡ್ಡದಾ?' ಮೂರು ಕ್ಯಾಮೆರಾ ಕೋನ, ಒಂದು ಹನಿ ಕಣ್ಣೀರು, ಹಿನ್ನೆಲೆಯಲ್ಲಿ ಆಲಾಪ.

ಆ ಸಾಲು ಸಾವಿರಾರು ಮನೆಗಳ ಹಾಲ್‌ಗೆ ಹೋಗುತ್ತೆ. ಕೊನೆಗೆ ಓಡುವ ಪಟ್ಟಿಯಲ್ಲಿ 'ಸಂಭಾಷಣೆ' ಅಂತ ಇರೋದು ನಮ್ಮ ಹೊಳಲ್ಕೆರೆಯವನ ಹೆಸರು ಮಾತ್ರ. ಯಾರಾದರೂ ಬೈದರೆ ಅವನನ್ನೇ ಬೈತಾರೆ. ಅವನು ಮೊದಲು ಬರೆದ ಹಾಳೆ ಎಲ್ಲಿ? ವಾಟ್ಸಾಪಿನಲ್ಲಿ ಹೋಗಿತ್ತು, ಫೋನ್ ಬದಲಾಯಿಸಿದಾಗ ಅದೂ ಹೋಯ್ತು.

ಇದು ಕಲ್ಪಿತ ಉದಾಹರಣೆ. ಆದರೆ ಆಫೀಸಿನಲ್ಲಿ ಕೆಲಸ ಮಾಡುವ ಯಾರಿಗೂ ಇದು ಅಪರಿಚಿತ ಅಲ್ಲ. ನೀವು ಮಾಡಿದ ಪ್ರೆಸೆಂಟೇಶನ್‌ನಲ್ಲಿ 'ರಿಸ್ಕ್' ಅಂತಿದ್ದ ಸ್ಲೈಡು ಮೇಲಿನ ಎರಡು ಹಂತ ದಾಟುವಷ್ಟರಲ್ಲಿ 'ಅವಕಾಶ' ಆಗಿರುತ್ತೆ, ಹೆಸರು ಮಾತ್ರ ನಿಮ್ಮದೇ ಇರುತ್ತೆ. ಸಾಫ್ಟ್‌ವೇರ್‌ನವರಿಗೆ ಒಂದು ಅನುಕೂಲ ಇದೆ. 'ಗಿಟ್ ಬ್ಲೇಮ್' ಅಂತ ಒಂದು ಕಮಾಂಡ್ ಹೊಡೆದರೆ ಕೋಡಿನ ಪ್ರತಿ ಸಾಲನ್ನೂ ಕೊನೆಗೆ ಮುಟ್ಟಿದವರು ಯಾರು, ಯಾವತ್ತು ಅಂತ ಬರುತ್ತೆ. ಹೆಸರೇ 'ಬ್ಲೇಮ್'. ಒರಟು ಹೆಸರು, ಆದರೆ ಪ್ರಾಮಾಣಿಕ ಹೆಸರು. ಒಂದು ಸಾಲು ಜಗತ್ತಿಗೆ ಹೋಗಿದೆ ಅಂದರೆ ಅದಕ್ಕೆ ಉತ್ತರ ಹೇಳುವ ಒಬ್ಬರು ಇರಬೇಕು. ಜನ ನಿತ್ಯ ಕೇಳುವ ಮಾತಿಗೆ ಈ ಸೌಲಭ್ಯ ಇಲ್ಲ, ಬ್ಯಾಂಕಿನ ಆ್ಯಪಿಗೆ ಇದೆ. ವಿಚಿತ್ರ ಅಲ್ವಾ?

ಕಾಗದ ಉಳಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. 1972ರಲ್ಲಿ ಪುಟ್ಟಣ್ಣ ಕಣಗಾಲ್ 'ನಾಗರಹಾವು' ಮಾಡಿದರು. ತಳುಕಿನ ತ.ರಾ.ಸು. ಬರೆದಿದ್ದ ಮೂರು ಕಾದಂಬರಿಗಳನ್ನ ಸೇರಿಸಿ ಒಂದು ಸಿನಿಮಾ. ಚಿತ್ರದುರ್ಗದ ಕೋಟೆ, ರಾಮಾಚಾರಿ, ಚಾಮಯ್ಯ ಮೇಷ್ಟ್ರು, ಯಾರಿಗೆ ಗೊತ್ತಿಲ್ಲ ಹೇಳಿ. ಸಿನಿಮಾ ಗೆದ್ದಿತು. ತ.ರಾ.ಸು. ಅವರಿಗೆ ಮಾತ್ರ ಅದು ಹಿಡಿಸಲಿಲ್ಲ. ತಮ್ಮ ನಾಗರಹಾವನ್ನ ಕೇರೆಹಾವು ಮಾಡಿಬಿಟ್ಟರು ಅಂತ ಅವರು ಬೇಸರಪಟ್ಟ ಕಥೆ ದುರ್ಗದ ಕಡೆ ಈಗಲೂ ಓಡಾಡುತ್ತೆ. ಯಾರು ಸರಿ ಅನ್ನೋದು ಇಲ್ಲಿ ಮುಖ್ಯ ಅಲ್ಲ. ನಾವು ಆ ಜಗಳದಲ್ಲಿ ಪಕ್ಷ ವಹಿಸಬಹುದು, ಅದು ಮುಖ್ಯ. ಕಾದಂಬರಿ ಅಂಗಡಿಯಲ್ಲಿದೆ, ಸಿನಿಮಾ ಕಣ್ಣೆದುರಿಗಿದೆ. ಎರಡನ್ನೂ ಇಟ್ಟು ನೋಡಿ 'ಇಲ್ಲಿ ಪುಟ್ಟಣ್ಣ ಸರಿ, ಇಲ್ಲಿ ತ.ರಾ.ಸು. ಸರಿ' ಅನ್ನಬಹುದು. 'ಮಾಲ್ಗುಡಿ ಡೇಸ್' ವಿಷಯವೂ ಅಷ್ಟೆ. ಶಂಕರ್‌ನಾಗ್ ಆಗುಂಬೆಯಲ್ಲಿ ಕಟ್ಟಿದ ಮಾಲ್ಗುಡಿಯನ್ನ ಆರ್.ಕೆ. ನಾರಾಯಣ್ ಕಥೆಗಳ ಪಕ್ಕ ಇಟ್ಟು ನೋಡಬಹುದು. ನಾರಾಯಣ್ ಅವರ ಕಾಗದಪತ್ರಗಳು ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಭದ್ರವಾಗಿವೆ. ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ನಮ್ಮ ಪಕ್ಕದಲ್ಲೇ, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ತೀರಿಕೊಂಡರು. ಅವರ ಕೆಲಸ ಉಳಿದದ್ದು ದೃಶ್ಯವಾಗಿ.

ಈಗ ಟೀವಿಗಾಗಿಯೇ ಹುಟ್ಟಿದ ಬರವಣಿಗೆಯನ್ನ ನೋಡಿ. ತೊಂಬತ್ತರ ದಶಕದ ಕೊನೆಯಲ್ಲಿ ದೂರದರ್ಶನದಲ್ಲಿ ಬಂದ 'ಮಾಯಾಮೃಗ'ವನ್ನ ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ನಿರ್ದೇಶಿಸಿದರು. ಮಧ್ಯಮವರ್ಗದ ಮನೆಗಳಲ್ಲಿ ಜನ ನಿಜವಾಗಿ ಹೇಗೆ ಮಾತಾಡ್ತಾರೋ ಹಾಗೇ ಮಾತಾಡಿದ ಧಾರಾವಾಹಿ ಅದು. ಆಮೇಲೆ ಸೀತಾರಾಮ್ ಅವರ ಕೋರ್ಟ್ ದೃಶ್ಯಗಳನ್ನ ನೋಡಿ ಪಾಟೀಸವಾಲು ಅಂದರೇನು ಅಂತ ಕಲಿತ ಒಂದು ತಲೆಮಾರೇ ಇದೆ. ಇಂಥ ಕೆಲಸಕ್ಕೆ ಪುಸ್ತಕದ ಆಧಾರ ಇಲ್ಲ. ಮೂಲ ಅಂದರೆ ಆ ಹಾಳೆಗಳೇ. ಹಾಳೆ ಹೋದರೆ ಪಕ್ಕದಲ್ಲಿಟ್ಟು ನೋಡಲು ಏನೂ ಇರಲ್ಲ. ಯೂಟ್ಯೂಬಿನಲ್ಲಿ ಎಪಿಸೋಡ್ ಸಿಗಬಹುದು, ಆದರೆ ಅದು ಜಗಳ ಮುಗಿದ ಮೇಲಿನ ತೀರ್ಪು. ಜಗಳ ಏನಿತ್ತು ಅನ್ನೋದನ್ನ ತೀರ್ಪು ಹೇಳಲ್ಲ.

ಜಗಳ ಉಳಿದ ಒಂದು ಪ್ರಸಂಗ ಅಮೆರಿಕದ್ದು. ರಾಡ್ ಸರ್ಲಿಂಗ್ ಅಂತ ಒಬ್ಬ ಟೀವಿ ಬರಹಗಾರ. 1955ರಲ್ಲಿ ಮಿಸಿಸಿಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನ ಬಿಳಿಯರು ಕೊಂದರು, ಕೋರ್ಟಿನಲ್ಲಿ ಖುಲಾಸೆಯಾದರು. ಸರ್ಲಿಂಗ್ ಅದರಿಂದ ಪ್ರೇರಣೆ ಪಡೆದು ಒಂದು ಟೀವಿ ನಾಟಕ ಬರೆದ. ಪ್ರಾಯೋಜಕ ಒಂದು ಉಕ್ಕಿನ ಕಂಪನಿ. ದಕ್ಷಿಣದ ರಾಜ್ಯಗಳಿಂದ ಬಹಿಷ್ಕಾರದ ಬೆದರಿಕೆ ಬಂತು, ಕಂಪನಿ ಹೆದರಿತು. ಕಥೆ ನಡೆಯುವ ಊರನ್ನ ಉತ್ತರದ ನ್ಯೂ ಇಂಗ್ಲೆಂಡಿಗೆ ಎತ್ತಿಹಾಕಿದರು. ಸತ್ತವನು ಯಾರೋ ಒಬ್ಬ ಪರದೇಶಿ ಆದ. ಸೆಟ್ಟಿನಲ್ಲಿದ್ದ ಕೋಕಾ-ಕೋಲಾ ಬಾಟಲಿಗಳನ್ನೂ ತೆಗೆಸಿದರು, ಅದು ದಕ್ಷಿಣದ ಪಾನೀಯ ಅಂತ! 1956ರ ಏಪ್ರಿಲ್‌ನಲ್ಲಿ ನಾಟಕ ಪ್ರಸಾರವಾಯ್ತು, ಸರ್ಲಿಂಗ್ ಹೆಸರಿನಲ್ಲೇ. ಮೂರು ವರ್ಷದ ನಂತರ ಅವನು 'ದ ಟ್ವೈಲೈಟ್ ಜೋನ್' ಶುರುಮಾಡಿದ. ಅನ್ಯಗ್ರಹ, ಭೂತಪ್ರೇತದ ವೇಷ ಹಾಕಿಸಿ ಅದೇ ದ್ವೇಷದ ಕಥೆಗಳನ್ನ ಹೇಳಿದ. 156 ಎಪಿಸೋಡುಗಳಲ್ಲಿ 92 ಅವನೇ ಬರೆದದ್ದು.

ಸರ್ಲಿಂಗ್‌ನ ಕಾಗದಪತ್ರಗಳು ವಿಸ್ಕಾನ್ಸಿನ್‌ನ ಸಂಗ್ರಹಾಲಯದಲ್ಲಿವೆ. ಅಂಥ ಸಂಗ್ರಹ ಇರೋದರಿಂದ, ಅವನೂ ಬಾಯಿಬಿಟ್ಟು ಹೇಳಿದ್ದರಿಂದ, ಆ ನಾಟಕ ಯಾಕೆ ಸಪ್ಪೆಯಾಯ್ತು ಅನ್ನೋದು ಇವತ್ತು ನಮಗೆ ಗೊತ್ತು. ಇಲ್ಲದಿದ್ದರೆ ಏನಂದುಕೊಳ್ಳುತ್ತಿದ್ದೆವು? 'ಈ ಮನುಷ್ಯನಿಗೆ ಧೈರ್ಯ ಇರಲಿಲ್ಲ' ಅಂತ. ಹೆದರಿದವರು ಬೇರೆ, ಕೆಟ್ಟ ಹೆಸರು ಹೊರುವವನು ಬೇರೆ. ಕಾಗದ ಇಲ್ಲದ ಕಡೆ ಯಾವಾಗಲೂ ಹೀಗೇ ಆಗುತ್ತೆ: ತೀರ್ಮಾನ ಮೇಲಿನವರದು, ಹೊಣೆ ಕೆಳಗಿನವರದು.

ಇದಕ್ಕೆ ಎರಡು ಆಕ್ಷೇಪ ಬರುತ್ತೆ, ಎರಡೂ ಗಟ್ಟಿಯಾದವೇ.

ಮೊದಲನೆಯದು: 'ಅಷ್ಟೆಲ್ಲ ಯಾಕ್ರೀ? ಹೊಟ್ಟೆಪಾಡಿಗೆ ಬರೆದದ್ದು ಅದು. ಕಸವನ್ನೂ ಇಟ್ಟುಕೊಳ್ಳೋಕಾಗುತ್ತಾ?' ಬಿಬಿಸಿಯವರೂ ಒಂದು ಕಾಲಕ್ಕೆ ಇದೇ ಲೆಕ್ಕ ಹಾಕಿದ್ದರು. ಟೇಪು ದುಬಾರಿ, ಜಾಗ ಕಮ್ಮಿ ಅಂತ 1960-70ರ ದಶಕಗಳಲ್ಲಿ ಹಳೆ ಕಾರ್ಯಕ್ರಮಗಳ ಟೇಪುಗಳನ್ನ ಅಳಿಸಿ ಮತ್ತೆ ಬಳಸಿದರು. 'ಡಾಕ್ಟರ್ ಹೂ' ಒಂದರಲ್ಲೇ ತೊಂಬತ್ತರಷ್ಟು ಎಪಿಸೋಡುಗಳು ಹೀಗೆ ಹೋದವು. ಟೀವಿ ಎದುರು ಟೇಪ್‌ರೆಕಾರ್ಡರ್ ಇಟ್ಟು ಅಭಿಮಾನಿಗಳು ಹಿಡಿದಿಟ್ಟುಕೊಂಡಿದ್ದ ಧ್ವನಿ ಮಾತ್ರ ಉಳಿಯಿತು. ಆಮೇಲೆ ಕೆಲವು ಎಪಿಸೋಡುಗಳನ್ನ ಆ ಧ್ವನಿಯ ಆಧಾರದ ಮೇಲೆ ಕಾರ್ಟೂನು ಚಿತ್ರವಾಗಿ ಮತ್ತೆ ಕಟ್ಟಿದರು. ಯಾವುದು ಕಸ ಅನ್ನೋದನ್ನ ಬರೆದ ವರ್ಷವೇ ನಿರ್ಧರಿಸುವಷ್ಟು ಬುದ್ಧಿವಂತರು ಯಾರೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಧಾರಾವಾಹಿಯ ಹಾಳೆ ಉಳಿಯಬೇಕಾದದ್ದು ಅದು ಒಳ್ಳೆಯ ಸಾಹಿತ್ಯ ಅಂತಲ್ಲ. ಅಷ್ಟೊಂದು ಜನ ಅದನ್ನ ಕೇಳಿದ್ದಾರೆ ಅಂತ. ಪಂಚಾಯ್ತಿಯ ಠರಾವು ಪುಸ್ತಕವನ್ನ ನಾವು ಅದರ ಶೈಲಿ ಚೆನ್ನಾಗಿದೆ ಅಂತ ಇಟ್ಟುಕೊಳ್ತೀವಾ?

ಎರಡನೆಯ ಆಕ್ಷೇಪ ಇನ್ನೂ ಕಷ್ಟದ್ದು: 'ಅದು ಅವರ ಖಾಸಗಿ ಕಾಗದ. ಬರೆದವರಿಗೇ ಬೇಡ ಅಂದರೆ?' ಕಾಫ್ಕಾ ತನ್ನದನ್ನೆಲ್ಲ ಸುಟ್ಟುಬಿಡು ಅಂತ ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಹೇಳಿದ್ದ. ಬ್ರಾಡ್ ಸುಡಲಿಲ್ಲ. ಜಗತ್ತು ಬ್ರಾಡ್‌ಗೆ ಋಣಿ, ಆದರೆ ಗೆಳೆಯನ ಕೋರಿಕೆಯ ಕಡೆಯಿಂದ ನೋಡಿದರೆ? ಕನ್ನಡದವರೇ ಆದ ಎ.ಕೆ. ರಾಮಾನುಜನ್ ಅವರ ಕಾಗದಗಳು ಶಿಕಾಗೋ ವಿಶ್ವವಿದ್ಯಾಲಯದಲ್ಲಿವೆ. ಅವರು 1993ರಲ್ಲಿ ತೀರಿಕೊಂಡರು, ಅವರ ದಿನಚರಿಗಳಿಂದ ಆಯ್ದ ಭಾಗಗಳು 2019ರಲ್ಲಿ ಪುಸ್ತಕವಾಗಿ ಬಂದವು. ಅಂಥ ಪುಸ್ತಕ ಓದುವಾಗ ಬೇರೆಯವರ ಮನೆಯ ಕಿಟಕಿಯಿಂದ ಇಣುಕಿದ ಮುಜುಗರ ಸ್ವಲ್ಪವಾದರೂ ಆಗದವರಿಗೆ ಏನೋ ಕೊರತೆ ಇದೆ ಅಂತಲೇ ನಾನಂದುಕೊಳ್ಳೋದು.

ಹಾಗಾಗಿ ನಾನು ಒಂದು ಗೆರೆ ಎಳೀತೀನಿ. ದಿನಚರಿ ಬರೆದವರದು. ಸುಡ್ತಾರೋ ಇಡ್ತಾರೋ ಅವರ ಇಷ್ಟ. ಇನ್ನೊಬ್ಬರ ಕೈ ಬಿದ್ದ ಹಾಳೆ ಹಾಗಲ್ಲ. 'ಈ ಸಾಲು ಬೇಡ' ಅಂತ ಯಾರೋ ಗೀಟು ಹಾಕಿದ ಕ್ಷಣದಲ್ಲಿ ಅದು ಒಬ್ಬರ ಖಾಸಗಿ ವಸ್ತು ಆಗಿ ಉಳಿಯಲ್ಲ, ಒಂದು ತೀರ್ಮಾನದ ದಾಖಲೆ ಆಗುತ್ತೆ. ಆ ತೀರ್ಮಾನದ ಫಲ ಉಂಡವರು ನೋಡುಗರು. ಅವರಿಗೂ ಅದರಲ್ಲಿ ಒಂದು ಪಾಲಿದೆ. ಇವತ್ತೇ ಎಲ್ಲರ ಮುಂದೆ ಹರಡಿ ಅಂತಲ್ಲ. ಕೆಲಸ ಹೋಗುತ್ತೆ, ಸಂಬಂಧ ಕೆಡುತ್ತೆ, ಗೊತ್ತು. ಜಗತ್ತಿನ ಎಷ್ಟೋ ಸಂಗ್ರಹಾಲಯಗಳಲ್ಲಿ ಇಂತಿಷ್ಟು ವರ್ಷ ತೆರೆಯುವ ಹಾಗಿಲ್ಲ ಅಂತ ಮೊಹರು ಹಾಕಿ ಇಡುವ ಪದ್ಧತಿ ಇದೆ. ಮೂವತ್ತು ವರ್ಷ ಮುಚ್ಚಿಡಿ. ಸುಡಬೇಡಿ ಅಷ್ಟೇ.

'ಬರಹಗಾರನಿಗೂ ಇದು ಅಪಾಯ ಅಲ್ವಾ?' ಅಂದರೆ ಹೌದು, ಅಪಾಯವೇ. ಹಾಳೆ ಉಳಿದರೆ ಚಾನೆಲ್‌ನವರ ಹೆದರಿಕೆ ಮಾತ್ರ ಕಾಣಲ್ಲ, ಇವನ ಸೋಮಾರಿತನವೂ ಕಾಣುತ್ತೆ. ಯಾರೂ ಹೇಳದೆಯೇ ಇವನೇ ಸೊಸೆಯನ್ನ ಅಳಿಸಿದ ದಿನಗಳೂ ಸಿಗ್ತವೆ. ಹೊಣೆ ಅಂದರೆ ಅದೇ. ಒಂದೇ ಕಡೆಗೆ ಹರಿಯೋ ಹೊಣೆ ಇರಲ್ಲ.

ಸಂಬಳಕ್ಕೆ ಬರೆಯುವವನಿಗೆ ಹೆಸರಿನ ಗೊಡವೆ ಯಾಕೆ ಅನ್ನುವವರಿಗೆ ನಮ್ಮ ಜಿಲ್ಲೆಯ ಇನ್ನೊಂದು ತುದಿ, ಮೊಳಕಾಲ್ಮೂರು ತಾಲ್ಲೂಕು ತೋರಿಸಬೇಕು. ಅಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ್ದು. ವಯಸ್ಸು ಎರಡು ಸಾವಿರ ವರ್ಷಕ್ಕೂ ಮೇಲೆ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು ಅಂತ ಚಕ್ರವರ್ತಿಯ ಉಪದೇಶ. ಒಂದು ರೀತಿಯಲ್ಲಿ ಆ ಕಾಲದ ಮನೆಮಂದಿಯೆಲ್ಲ ಕೂತು ಕೇಳುವ ಕಾರ್ಯಕ್ರಮ. ಮಾತು ಪೂರ್ತಿ ರಾಜನದು. ಆದರೆ ಕೊನೆಯಲ್ಲಿ ಇನ್ನೊಬ್ಬನ ಹೆಸರಿದೆ: ಇದನ್ನ ಬರೆದವನು ಲಿಪಿಕಾರ ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೆ 'ಲಿಪಿಕಾರ' ಅನ್ನುವ ಮಾತನ್ನ ಮಾತ್ರ ದೂರದ ವಾಯವ್ಯ ಗಡಿಯಲ್ಲಿ ಬಳಕೆಯಲ್ಲಿದ್ದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ.

ಚಪಡನದು ಜಂಬ ಅಂತ ಓದಬಹುದು. ನಾನು ಹಾಗೆ ಓದಲ್ಲ. ಸುತ್ತಲಿನವರಿಗೆ ಆ ಲಿಪಿ ಓದಲು ಬಂದಿರುವುದೇ ಅನುಮಾನ, ಯಾರ ಮುಂದೆ ಜಂಬ? ರಾಜನ ಮಾತಾದರೂ ಅಕ್ಷರ ನನ್ನದು, ತಪ್ಪಿದ್ದರೆ ನನ್ನನ್ನ ಕೇಳಿ ಅಂದಹಾಗಿದೆ ಅದು. ಸಂಬಳಕ್ಕೆ ಬರೆದವನೂ ತನ್ನ ಪಾಲಿನ ಹೊಣೆಯನ್ನ ಗುರುತು ಹಾಕಿ ಇಟ್ಟ. ಕಾಗದಪತ್ರ ಉಳಿಸೋದು ಅಂದರೆ ನನ್ನ ಪ್ರಕಾರ ಇದೇ ಸಹಿಯನ್ನ ಸ್ವಲ್ಪ ಉದ್ದ ಮಾಡೋದು.

ಕಾನೂನು ಒಂದಿಷ್ಟು ದೂರ ಬಂದಿದೆ. 2012ರಲ್ಲಿ ನಮ್ಮ ಕಾಪಿರೈಟ್ ಕಾಯ್ದೆಗೆ ಆದ ತಿದ್ದುಪಡಿ ಸಿನಿಮಾಗಳಲ್ಲಿ ಬಳಕೆಯಾದ ಸಾಹಿತ್ಯ-ಸಂಗೀತದ ಕರ್ತೃಗಳಿಗೆ ಬಿಟ್ಟುಕೊಡಲಾಗದ ರಾಯಲ್ಟಿ ಹಕ್ಕನ್ನ ಕೊಟ್ಟಿತು. ಒಳ್ಳೆಯದೇ. ಆದರೆ ಅದು ದುಡ್ಡಿನ ಪ್ರಶ್ನೆಗೆ ಉತ್ತರ. ಮಾತು ಹೇಗೆ ಬದಲಾಯ್ತು ಅನ್ನೋದಕ್ಕೆ ಅಲ್ಲ. 2023ರಲ್ಲಿ ಅಮೆರಿಕದ ಟೀವಿ-ಸಿನಿಮಾ ಬರಹಗಾರರು 148 ದಿನ ಮುಷ್ಕರ ಮಾಡಿದರಲ್ಲ, ಅಲ್ಲಿ ಇತ್ಯರ್ಥವಾದ ಸಂಗತಿಗಳಲ್ಲಿ ಒಂದು, ಎಐಯನ್ನ ಬರಹಗಾರ ಅಂತ ಪರಿಗಣಿಸುವ ಹಾಗಿಲ್ಲ ಅನ್ನೋದು. ಅದನ್ನ ಎಲ್ಲರೂ ಕೆಲಸ ಉಳಿಸಿಕೊಳ್ಳುವ ಹೋರಾಟ ಅಂತ ನೋಡಿದರು. ನನಗೆ ಅದರಲ್ಲಿ ಚಪಡ ಕಂಡ. ಯಂತ್ರ ಸಾಲು ಬರೆಯಬಹುದು, ಆ ಸಾಲಿಗೆ ಉತ್ತರ ಹೇಳಲು ಅದನ್ನ ಕಟಕಟೆಗೆ ಹತ್ತಿಸೋಕಾಗಲ್ಲ. ಕರಡು ಯಾವುದು, ತಿದ್ದಿದವರು ಯಾರು ಅನ್ನುವ ದಾಖಲೆ ಮೊದಲು ಒಳ್ಳೆಯ ಅಭ್ಯಾಸ ಆಗಿತ್ತು. ಇನ್ನು ಮುಂದೆ ಅದಿಲ್ಲದೆ 'ಇದನ್ನ ಒಬ್ಬ ಮನುಷ್ಯ ಹೇಳಿದ' ಅಂತ ಹೇಳೋದೂ ಕಷ್ಟ.

ಸರಿ, ನಾವೇನು ಮಾಡಬಹುದು? ವಿಶ್ವವಿದ್ಯಾಲಯ, ಅಕಾಡೆಮಿ, ಸರ್ಕಾರ ಮಾಡಲಿ ಅಂತ ಕಾಯಬಹುದು, ಕಾಯ್ತಾನೂ ಇರಬಹುದು. ಅಷ್ಟರಲ್ಲಿ ನಮ್ಮ ಕೈಲಾಗುವ ಕೆಲಸ ಸಣ್ಣದು. ನಿಮ್ಮ ಮನೆಯಲ್ಲೋ ನೆಂಟರಲ್ಲೋ ಟೀವಿಗೆ, ಆಕಾಶವಾಣಿಗೆ, ನಾಟಕ ಕಂಪನಿಗೆ ಬರೆದವರಿದ್ದರೆ ಆ ಟ್ರಂಕನ್ನ ರದ್ದಿಯವನಿಗೆ ಕೊಡುವ ಮುಂಚೆ ಒಮ್ಮೆ ತೆರೆಯಿರಿ. ಅಚ್ಚುಕಟ್ಟಾದ ಕೊನೆಯ ಪ್ರತಿ ಮಾತ್ರ ಎತ್ತಿಟ್ಟುಕೊಂಡು ಉಳಿದದ್ದನ್ನ ಬಿಸಾಕಬೇಡಿ, ಗೀಟು ಬಿದ್ದ ಹಾಳೆಗಳೇ ಮೊದಲು ಬೇಕು. ಮೇಲೆ ತಾರೀಕು ಬರೆಯಿರಿ, ಯಾರ ಅಕ್ಷರ ಅಂತ ಗೊತ್ತಿದ್ದರೆ ಅದನ್ನೂ ಬರೆಯಿರಿ. ಬರೆಯುವವರು ನೀವೇ ಆಗಿದ್ದರೆ ಮೊದಲ ಕರಡನ್ನ ಫೋನಿನಲ್ಲಿ ಬಿಡದೆ ಬೇರೆಲ್ಲಾದರೂ ಒಂದು ಪ್ರತಿ ಇಡಿ.

ಇನ್ನು ಇವತ್ತು ರಾತ್ರಿ ಆ ಹೆಸರುಗಳು ಓಡುವಾಗ ರಿಮೋಟನ್ನ ಐದು ಸೆಕೆಂಡ್ ಕೆಳಗಿಡಿ. 'ಸಂಭಾಷಣೆ' ಅಂತ ಯಾರ ಹೆಸರಿದೆ ನೋಡಿ. ಸೊಸೆ ಯಾಕೆ ಅತ್ತಳು ಅಂತ ಕೇಳಬೇಕಾದದ್ದು ಅವರನ್ನ. ಅವರೊಬ್ಬರನ್ನೇ ಅಲ್ಲ ಅನ್ನೋದು ನೆನಪಿರಲಿ.